ತಳ ಕಾಣದ ಭರಣಿ

ಮೆಹದಿಪಟ್ಟಣಂ, ಹೈದರಾಬಾದ್
8 ಜುಲೈ 2024

ಸೌ. ಕಮಲಾಕ್ಷಿಗೆ,

ನೀನು ಮಗಳ ಮನೆಗೆ ಹೊರಟು ನಾಲ್ಕು ದಿನವಾಯಿತು. ಇಲ್ಲಿ ಮನೆ ಇನ್ನೂ ನಿಂತೇ ಇದೆ. ಸಂಯುಕ್ತಾಳ ವಾಂತಿ ಕಡಿಮೆಯಾಯಿತೇ? ಮೂರು ತಿಂಗಳು ತುಂಬಿದರೆ ತಾನಾಗಿ ನಿಲ್ಲುತ್ತದೆ ಎಂದಿದ್ದರು ಡಾಕ್ಟರು. ಈಗ ನಾಲ್ಕನೆಯದು ನಡೆಯುತ್ತಿದೆ. ಅವಳಿಗೆ ಒತ್ತಾಯ ಮಾಡಿ ಉಣಿಸಬೇಡ. ಹಾಗೆಂದು ಸುಮ್ಮನೆ ಬಿಡಲೂ ಬೇಡ.

ಬಸ್ಸಿನ ಕಿಟಕಿಯಿಂದ ನೀನು ಹೊರಡಿಸಿದ ಆದೇಶ ನೆನಪಿದೆ: “ಫೋನ್ ಹಚ್ಚಬ್ಯಾಡ್ರಿ. ಫೋನಿನ್ಯಾಗ ನೀವು ‘ಹೂಂ, ಆತು, ಇಡತೇನಿ’ ಮೂರ ಮಾತ ಆಡ್ತೀರಿ. ಏನರ ಹೇಳೂದಿದ್ರ ಕಾಗದ ಬರೀರಿ. ಕಾಗದದಾಗ ನೀವು ಭಾಳ ಶಾಣ್ಯಾ.” ಅದರಂತೆ ಈ ಪತ್ರ.

ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯ ಸ್ಟೋರ್ಸಿನ ಬೀಗದ ಕೈಗಳನ್ನು ಮಾರ್ಚ್ ಮೂವತ್ತೊಂದಕ್ಕೆ ಒಪ್ಪಿಸಿ ಬಂದ ಮೇಲೆ ನನ್ನ ಕೈ ಖಾಲಿಯಿರುವುದು ನಿನಗೆ ಗೊತ್ತು. ಮೂವತ್ತನಾಲ್ಕು ವರ್ಷ ಹದಿನಾರು ಸಾವಿರ ಬಗೆಯ ಸಾಮಾನುಗಳನ್ನು ಕಾಯ್ದವನು, ಅಡುಗೆಮನೆಯ ಪಕ್ಕದ ಆರಡಿ ಸಾಮಾನಿನ ಕೋಣೆಯನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅಧಿಕಾರ ವಹಿಸಿಕೊಂಡೆ. ಹಸ್ತಾಂತರ ಪತ್ರ ಇರಲಿಲ್ಲ. ನಿನ್ನ ಗೈರುಹಾಜರಿಯನ್ನೇ ಒಪ್ಪಿಗೆ ಎಂದು ಭಾವಿಸಿದೆ.

ತಪಾಸಣೆಯಲ್ಲಿ ಕಂಡದ್ದು: ಬಿಸ್ಕೀಟಿನ ಡಬ್ಬಿಯಲ್ಲಿ ಹಪ್ಪಳ. ಹಪ್ಪಳದ ಡಬ್ಬಿಯಲ್ಲಿ ಒಣ ಮೆಣಸಿನಕಾಯಿ. ‘ಮೆಣಸಿನಕಾಯಿ’ ಎಂದು ನಿನ್ನ ಕೈಯಾರೆ ಬರೆದ ಡಬ್ಬಿಯಲ್ಲಿ ನನ್ನ ಮಫ್ಲರು. ಅದನ್ನು ನಾನು 2017ರಿಂದ ಹುಡುಕುತ್ತಿದ್ದೆ. ಸಾಬೂದಾನಿ ಏಳು ಕಡೆ ಏಳು ಪೊಟ್ಟಣ, ಎಲ್ಲವೂ ಒಡೆದದ್ದು, ಯಾವುದೂ ಮುಗಿಯದ್ದು. ಸಾಬೂದಾನಿ ಇದೆಯೆಂದು ಗೊತ್ತಿಲ್ಲದೆ ಪ್ರತಿ ಏಕಾದಶಿಗೂ ಹೊಸದು ತಂದಿದ್ದೇವೆ ಎಂದು ಅರ್ಥ. ತಂದವನು ನಾನೇ ಆದ್ದರಿಂದ ಈ ವಿಷಯವನ್ನು ಮುಂದುವರಿಸುವುದಿಲ್ಲ.

ಈಗಿನ ಸ್ಥಿತಿ ಕೇಳು. ದಿನಕ್ಕೆ ಬೇಕಾದದ್ದೆಲ್ಲ ಕಣ್ಣೆತ್ತರದ ಹಲಗೆಯಲ್ಲಿ. ಭಾರದ್ದು ನೆಲದ ಮೇಲೆ. ಎಣ್ಣೆ ಡಬ್ಬಿಗಳು ಒಂದು ತಟ್ಟೆಯೊಳಗೆ, ಜಿಡ್ಡು ಹಲಗೆಗೆ ಇಳಿಯದಂತೆ. ಹಬ್ಬದ ಸಾಮಾನು ಮೇಲೆ. ಇಪ್ಪತ್ತೆಂಟು ಪಾರದರ್ಶಕ ಡಬ್ಬಿ, ಎಲ್ಲವೂ ಒಂದೇ ಅಳತೆ, ಒಂದೇ ಮುಚ್ಚಳ. ಪ್ರತಿಯೊಂದಕ್ಕೂ ಹೆಸರು, ಬಂದ ದಿನಾಂಕ, ಉಳಿದಿರುವ ಶಿಲ್ಕು ಬರೆದ ಚೀಟಿ. ಸ್ಟೋರ್ಸಿನಲ್ಲಿ ಅದಕ್ಕೆ ಬಿನ್ ಕಾರ್ಡ್ ಎನ್ನುತ್ತಾರೆ. ಮೊದಲು ಬಂದದ್ದು ಮೊದಲು ಹೋಗಬೇಕು, ಹೊಸದು ಹಿಂದೆ ನಿಲ್ಲಬೇಕು. ಸರ್ಕಾರವೇ ಹೀಗೆ ನಡೆಯುತ್ತದೆ.

ಒಂದು ಗಂಭೀರ ಲೋಪವನ್ನು ದಾಖಲಿಸಲೇಬೇಕು. ನಿನ್ನ ಪ್ರತಿ ಡಬ್ಬಿಯ ತಳದಲ್ಲೂ ಒಂದು ಹಿಡಿ ಹಳೆಯ ಮಾಲು ಇದೆ, ಅದರ ಮೇಲೆ ಹೊಸದನ್ನು ಸುರಿದಿದ್ದೀ. ಅಕ್ಕಿಯಲ್ಲಿ, ಬೇಳೆಯಲ್ಲಿ, ಬೆಲ್ಲದಲ್ಲಿ, ಎಲ್ಲದರಲ್ಲೂ. ತಳ ಮುಟ್ಟಿಸದೆ ತುಂಬುವುದು ಯಾವ ಪದ್ಧತಿ? ಎಲ್ಲವನ್ನೂ ಬರಿದು ಮಾಡಿ, ತೊಳೆದು, ಹೊಸದಾಗಿ ತುಂಬಿದ್ದೇನೆ.

ಮೂರು ವರ್ಷದಿಂದ ಮಿಸುಕದ ಸಾಮಾನುಗಳನ್ನು ನಿಯಮದಂತೆ ವಿಲೇವಾರಿ ಮಾಡಿದೆ. ಎರಡು ಪೊಟ್ಟಣ ಮುಗ್ಗಿದ ಶಾವಿಗೆ, ಒಂದು ಸೀಸೆ ಬಣ್ಣಗೆಟ್ಟ ರಸಾಯನ, ಮತ್ತು ಮೇಲಿನ ಹಲಗೆಯ ಮೂಲೆಯಲ್ಲಿದ್ದ ಚೀನಿ ಭರಣಿಯೊಳಗಿನ ಡಾಂಬರಿನಂಥ ಕಪ್ಪು ಪದಾರ್ಥ. ಅದಕ್ಕೆ ಹೆಸರಿಲ್ಲ, ದಿನಾಂಕವಿಲ್ಲ. ಪಾತ್ರೆ ತಿಕ್ಕಲು ಬಂದಿದ್ದ ಸುಗಲಮ್ಮನನ್ನು ಸಾಕ್ಷಿಯಾಗಿ ನಿಲ್ಲಿಸಿ ಕಸದ ಗಾಡಿಗೆ ಸುರಿದೆ. ಅವಳು ಏನೋ ಹೇಳಲು ಬಂದಳು. ಸಾಕ್ಷಿ ಮಾತಾಡಬಾರದು, ಸಹಿ ಮಾತ್ರ ಮಾಡಬೇಕು ಎಂದೆ. ಭರಣಿಯನ್ನು ತೊಳೆದು ಕವುಚಿಟ್ಟಿದ್ದೇನೆ.

ನೀನು ಬಂದು ನೋಡಿದರೆ ನಿನ್ನ ಕೋಣೆಯ ಗುರುತೇ ಸಿಗುವುದಿಲ್ಲ.

ಇಂತು ನಿನ್ನ,
ಗುರುಸಿದ್ದಪ್ಪ

(ಸಾದಾ ಅಂಚೆಯಲ್ಲಿ ಹಾಕಿದ್ದೇನೆ. ಅವಸರದ ವಿಷಯವೇನೂ ಇಲ್ಲ.)


ಹುಬ್ಬಳ್ಳಿ
10 ಜುಲೈ 2024

ಸಂಯುಕ್ತಾಳ ಅಪ್ಪನವರಿಗೆ ಕಮಲಾಕ್ಷಿಯ ನಮಸ್ಕಾರ.

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಬರೆದು, ನಕಲು ತೆಗೆದು, ಫೈಲಿಗೆ ಹಾಕಿ, ಕಳಿಸುವುದನ್ನು ಮರೆತಿರಬೇಕು.

ಇಲ್ಲಿನ ಸುದ್ದಿ ಅಷ್ಟು ಚೆನ್ನಾಗಿಲ್ಲ, ಗಾಬರಿಯಾಗುವಷ್ಟೂ ಇಲ್ಲ. ಹುಡುಗಿ ಉಣ್ಣುತ್ತಿಲ್ಲ. ನೀರು ಕುಡಿದರೂ ಬಚ್ಚಲಿಗೆ ಓಡುತ್ತಾಳೆ. ತೂಕ ಏರುವ ಬದಲು ಮೂರು ಕಿಲೋ ಇಳಿದಿದೆ. ಮಾತ್ರೆ ಕೊಟ್ಟಿದ್ದಾರೆ. ತಿಂಗಳ ಕೊನೆಗೆ ಮತ್ತೆ ತೂಗುತ್ತಾರಂತೆ, ಆಗಲೂ ಹೀಗೇ ಇದ್ದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರಂತೆ. ಅನ್ನ ಕಂಡರೆ ಆಗದು, ರೊಟ್ಟಿ ಸುಡುವ ವಾಸನೆ ಆಗದು, ನಾನು ಮಾಡಿದ ಸಾರಂತೂ ಕೇಳಲೇಬೇಡಿ. ಅಳಿಯಂದಿರು ಪಾಪ, ಒಗ್ಗರಣೆ ವಾಸನೆ ಬರಬಾರದೆಂದು ಎದುರುಮನೆಯವರಿಗೆ ಕಿಟಕಿ ಮುಚ್ಚಲು ಕೇಳಿಕೊಂಡು ಬಂದಿದ್ದಾರೆ.

ನಿನ್ನೆ ಮಧ್ಯಾಹ್ನ ಮಲಗಿದ್ದವಳು ತಾನಾಗಿಯೇ ಹೇಳಿದಳು: “ಅವ್ವಾ, ಅಜ್ಜಿ ನಿಂಬಿಕಾಯಿ ಐತಲ್ಲ, ಕರೇದು, ಜ್ವರಾ ಬಂದಾಗ ಗಂಜ್ಯಾಗ ಕಿವುಚಿ ಕೊಡತಿದ್ದಿ. ಅದೊಂದ ಬೇಕು ಅನಸಾಕತ್ತೈತಿ.” ಒಂದು ತಿಂಗಳಲ್ಲಿ ಅವಳು ಬೇಕು ಎಂದ ಮೊದಲನೆಯ ವಸ್ತು ಇದು.

ಆದ್ದರಿಂದ ಒಂದೇ ಕೆಲಸ ಹೇಳುತ್ತೇನೆ. ಸಾಮಾನಿನ ಕೋಣೆಯ ಮೇಲಿನ ಹಲಗೆ, ಬಲಗಡೆಯ ಮೂಲೆ, ಚೀನಿ ಭರಣಿ. ಬಾಯಿಗೆ ಬಿಳಿ ಅರಿವೆ ಕಟ್ಟಿದೆ. ಇಪ್ಪತ್ತೇಳಕ್ಕೆ ಅಳಿಯಂದಿರು ಆಫೀಸಿನ ಕೆಲಸಕ್ಕೆ ಅಲ್ಲಿಯೇ ಮಾದಾಪುರಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಒಂದು ಸಣ್ಣ ಸೀಸೆಯಷ್ಟು ಕಳಿಸಿ. ಒಣ ಚಮಚ. ಒದ್ದೆ ಕೈ ಹಾಕಬೇಡಿ. ಬಿಪಿ ಇದೆ, ನೆಕ್ಕಿಯೂ ನೋಡಬೇಡಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಆತು’ ಎನ್ನುತ್ತೀರಿ, ಆಗುವುದಿಲ್ಲ. ಕಾಗದ ಕಂಡರೆ ಮಾಡುತ್ತೀರಿ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದ್ದೇನೆ.

ನಿಮ್ಮ,
ಕಮಲಾಕ್ಷಿ


ಮೆಹದಿಪಟ್ಟಣಂ
13 ಜುಲೈ 2024

ಸೌ. ಕಮಲಾಕ್ಷಿಗೆ,

ನಿನ್ನ ಹತ್ತನೇ ತಾರೀಖಿನ ಪತ್ರ ತಲುಪಿತು. ಮಗಳ ತೂಕದ ವಿಷಯ ಓದಿ ಊಟ ರುಚಿಸಲಿಲ್ಲ.

ಉಪ್ಪಿನಕಾಯಿಯ ಬೇಡಿಕೆ ಪರಿಶೀಲನೆಯಲ್ಲಿದೆ. ಸಂಬಂಧಪಟ್ಟ ಹಲಗೆಯನ್ನು ಸ್ಥಳ ತನಿಖೆ ಮಾಡಲಾಗಿದೆ. ಭರಣಿ ಸುರಕ್ಷಿತವಾಗಿದೆ. ಭರಣಿಯ ಬಗ್ಗೆ ಯಾವ ಚಿಂತೆಯೂ ಬೇಡ. ಅಷ್ಟು ಸ್ವಚ್ಛವಾದ ಭರಣಿಯನ್ನು ನೀನು ಈ ಮೊದಲು ನೋಡಿರಲಾರೆ.

ಒಂದು ಸಣ್ಣ ಮಾಹಿತಿ ಬೇಕಿತ್ತು. ಅದು ನನ್ನ ಅವ್ವ ಹಾಕಿದ್ದೇ? ಅವ್ವ ಹೋಗಿ ಹನ್ನೊಂದು ವರ್ಷವಾಯಿತಲ್ಲ, ಅವಳದು ಎಂದೋ ಮುಗಿದಿರಬೇಕು ಎಂದುಕೊಂಡಿದ್ದೆ. ನನ್ನ ತಾಟಿಗಂತೂ ಅದು ಬಂದದ್ದಿಲ್ಲ. ಹೋಗಲಿ, ಬೇರೆ ನಿಂಬೆಕಾಯಿ ಉಪ್ಪಿನಕಾಯಿ ನಡೆಯುತ್ತದೆಯೇ? ಇಲ್ಲಿ ಅಂಗಡಿಗಳಲ್ಲಿ ಒಳ್ಳೊಳ್ಳೆಯವು ಸಿಗುತ್ತವೆ, ದಿನಾಂಕವೂ ಮುದ್ರಿತವಾಗಿರುತ್ತದೆ. ಸುಮ್ಮನೆ ಕೇಳಿದೆ.

ಇನ್ನೊಂದು ಮಾತು. ನನ್ನ ಎಂಟನೇ ತಾರೀಖಿನ ಪತ್ರ ಬಂದರೆ ಒಡೆಯದೆ ವಾಪಸು ಕಳಿಸು. ಅದರಲ್ಲಿ ಕೆಲವು ಕಾಗುಣಿತದ ತಪ್ಪುಗಳಿವೆ.

ನಿನ್ನ,
ಗುರುಸಿದ್ದಪ್ಪ


ಹುಬ್ಬಳ್ಳಿ
17 ಜುಲೈ 2024

ಸಂಯುಕ್ತಾಳ ಅಪ್ಪನವರಿಗೆ,

ನಿಮ್ಮ ಎರಡೂ ಕಾಗದಗಳು ಒಂದೇ ದಿನ ಬಂದವು. ಎಂಟನೇ ತಾರೀಖಿನದನ್ನು ಎರಡು ಸಲ ಓದಿದೆ. ಕಾಗುಣಿತ ಸರಿಯಾಗಿಯೇ ಇದೆ.

ಅಂಗಡಿಯದನ್ನು ನಾನಿಲ್ಲಿ ಮೊದಲೇ ತಂದು ನೋಡಿದೆ. ವಾಸನೆಗೇ ಎದ್ದು ಹೋದಳು. ನಿನ್ನೆ ಒಂದು ಹಗಲು ಸಲೈನ್ ಹಾಕಿಸಿಕೊಂಡು ಬಂದಿದ್ದೇವೆ. ಬರುವಾಗ ಆಟೋದಲ್ಲಿ ಕೇಳಿದಳು, “ಅಪ್ಪ ಕಳಸ್ತಾರಲ್ಲ?” ನಾನು “ಕಳಸ್ತಾರ” ಎಂದೆ. ಅವಳ ಎದುರಿಗೆ ನಿಮ್ಮ ಹೆಸರು ಕೆಡಿಸುವ ಹೊತ್ತು ಇದಲ್ಲ. ಅದಕ್ಕೆ ಮುಂದೆ ಬೇಕಾದಷ್ಟು ಸಮಯವಿದೆ.

ಇಪ್ಪತ್ತೇಳಕ್ಕೆ ಅಳಿಯ ಯಶವಂತರು ಬರುತ್ತಾರೆ.

ಅವತ್ತು ಸುಗಲಮ್ಮ ಏನು ಹೇಳಲು ಬಂದಿದ್ದಳು? ಕೇಳಿದಿರಾ?

ಕಮಲಾಕ್ಷಿ


ಮೆಹದಿಪಟ್ಟಣಂ
27 ಜುಲೈ 2024

ಸೌ. ಕಮಲಾಕ್ಷಿಗೆ,

ಈ ಪತ್ರವನ್ನೂ ಒಂದು ಸೀಸೆಯನ್ನೂ ಯಶವಂತರ ಕೈಯಲ್ಲಿ ಕೊಟ್ಟಿದ್ದೇನೆ. ಸೀಸೆಯನ್ನು ಮೊದಲು ತೆಗೆ, ಪತ್ರವನ್ನು ಆಮೇಲೆ ಓದು.

ಓದುತ್ತಿದ್ದೀಯಾದರೆ ತಪ್ಪೊಪ್ಪಿಗೆ ಹೀಗಿದೆ. ನಿನ್ನ ಪತ್ರ ಬಂದ ದಿನ ಸುಗಲಮ್ಮನನ್ನು ಕರೆದು ಕೇಳಿದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಸಾಕ್ಷಿ ಮಾತಾಡಕೂಡದು ಅಂಟಿರಿ ಕದಾ ಸಾರೂ. ಸಹಿ ಮಾಡಿದ್ದೀನಿ. ಇಂಕೇಮಿ ಬೇಕು?”

ನಾನು ನಿಂತೇ ಇದ್ದೆ. ಒಂದು ಪಾತ್ರೆ ತೊಳೆದಿಟ್ಟು ಹೇಳಿದಳು: “ಚೆಲ್ಲಬೇಡಿ, ನನಗ ಕೊಡ್ರಿ ಅಂತ ಕೇಳಕ್ಕೆ ಬಂದಿದ್ದೆ. ನಾನು ಕೇಳೂ ಮೊದಲೇ ನೀವು ಏಮನ್ನಾರು? ರದ್ದಾದ ಮಾಲು ಸ್ಟಾಫಿಗೆ ಕೊಡಕೂಡದು, ದುರುಪಯೋಗಂ ಅವುತುಂದಿ ಅಂಟಿರಿ. ಉಪ್ಪಿನಕಾಯಿ ದುರುಪಯೋಗಂ ಹೆಂಗ ಮಾಡ್ತಾರೆ ಸಾರೂ?”

ಕಮಲಾಕ್ಷಿ, ನಾನು ನಿಜವಾಗಿಯೂ ಹಾಗೆ ಹೇಳಿದ್ದೆ. ಕಾರ್ಖಾನೆಯಲ್ಲಿ ಅದು ನಿಯಮ. ರದ್ದಾದ ವಸ್ತು ಯಾರ ಮನೆಗೂ ಹೋಗಬಾರದು, ಸಾಕ್ಷಿಯ ಎದುರಿಗೆ ನಾಶವಾಗಬೇಕು. ಮೂವತ್ತನಾಲ್ಕು ವರ್ಷ ಒಂದು ಬೋಲ್ಟನ್ನೂ ನಾನು ಹೊರಗೆ ಬಿಟ್ಟವನಲ್ಲ. ಆ ಪ್ರಾಮಾಣಿಕತೆಯೆಲ್ಲ ಸೇರಿ ನನ್ನ ಮಗಳ ಗಂಜಿಯ ಮೇಲೆ ಬಿತ್ತು.

ಆಮೇಲೆ ಐದಾರು ದಿನ ನಾನು ಮಾಡಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಲೊನಿಯಲ್ಲಿ ಹನ್ನೊಂದು ಮನೆಯ ಬಾಗಿಲು ಬಡಿದು ‘ಹಳೆಯ ನಿಂಬೆಕಾಯಿ ಉಪ್ಪಿನಕಾಯಿ ಇದೆಯೇ, ಕಪ್ಪಗಾಗಿರಬೇಕು’ ಎಂದು ಕೇಳಿದೆ. ಎರಡನೇ ಮಹಡಿಯ ಹರ್ಷದಾಬಾಯಿ ನನ್ನ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡುವುದೊಂದನ್ನು ಬಿಟ್ಟರು. ಒಬ್ಬರ ಬಳಿ ಎರಡು ವರ್ಷದ್ದಿತ್ತು, ಖಾರದ್ದು. ಇನ್ನೊಬ್ಬರು ಮಾವಿನದು ಕೊಟ್ಟು ಇದೂ ಹುಳಿಯೇ ಎಂದು ಸಮಾಧಾನ ಹೇಳಿದರು. ಮಣಿಕೊಂಡದ ನಿನ್ನ ಗೆಳತಿ ಗುಣವತಿಯ ಮನೆಗೂ ಹೋಗಿ ಬಂದೆ. ಆಕೆ ತೆರೆದು ತೋರಿಸಿದ ಕಪಾಟಿನಲ್ಲಿ ಎಲ್ಲ ಡಬ್ಬಿಗಳೂ ನನ್ನವುಗಳಂತೆ ಪಾರದರ್ಶಕ, ಹಳೆಯದು ಏನೂ ಇಲ್ಲ.

ಗುರುವಾರ ನಾನು ಸೋತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಸುಗಲಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಎವರಿಕಿ ಸಾರೂ, ಇಷ್ಟು ತಿರುಗಾಡ್ತೀರಿ?” ಎಂದಳು. ಸಂಯುಕ್ತಾಳಿಗೆ ಎಂದೆ. ತೂಕದ ವಿಷಯ ಹೇಳಿದೆ, ಸಲೈನಿನ ವಿಷಯ ಹೇಳಿದೆ. ಅವಳ ಮುಖ ಬದಲಾಯಿತು.

“ಪಾಪಕಾ? ನಮ್ಮ ಹುಡುಗಿಗಾ? ಮೊದಲೇ ಚೆಪ್ಪಕೂಡದಾ? ನಿಮಗ ತಿನ್ನಕ್ಕ ಬೇಕೇನೋ ಅಂತ ನಾನು ಸುಮ್ಮನ ಇದ್ದೆ. ಅಮ್ಮ ವರ್ಷಾ ವರ್ಷಾ ನನಗ ಒಂದು ಸೀಸಾ ಕೊಡ್ತದಿ. ನಮ್ಮ ಮನೇಲಿ ಉಂದಿ. ಸ್ವಲ್ಪಮೇ ಉಂದಿ.”

ತಾನೇ ತಂದುಕೊಡುತ್ತೇನೆ ಎಂದಳು. ನಾನೇ ಬರುತ್ತೇನೆ ಎಂದೆ. ಹತ್ತೊಂಬತ್ತು ವರ್ಷದಿಂದ ನಮ್ಮ ಮನೆಗೆ ಬರುವವಳ ಮನೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತಾಪುರದ ಕಡೆ, ಮೇಲ್ಸೇತುವೆಯ ನೂರಾ ಹನ್ನೆರಡನೇ ಪಿಲ್ಲರಿನ ಹಿಂದೆ, ಸಂದಿಯೊಳಗೆ ಸಂದಿ. ಒಂದು ಕೋಣೆ. ನನಗೆ ಕುರ್ಚಿ ಹಾಕಿ ಚಹಾ ಕೊಟ್ಟಳು. ಕುಡಿಯುತ್ತ, ಹಳೆಯ ಚಟ, ಅವಳ ಸಾಮಾನಿನ ಹಲಗೆಯ ಕಡೆ ನೋಡಿದೆ. ಒಂದೇ ಹಲಗೆ. ಹನ್ನೆರಡು ಡಬ್ಬಿ, ಹನ್ನೆರಡೂ ಬೇರೆ ಬೇರೆ. ಉಪ್ಪು, ಅರಿಶಿನ, ಖಾರ ಒಲೆಯಿಂದ ಕೈಯಳತೆಯಲ್ಲಿ. ರೇಷನ್ ಅಕ್ಕಿಯ ಡ್ರಮ್ಮು ಕೆಳಗೆ. ಚೀಟಿ ಒಂದೂ ಇಲ್ಲ. ಯಾವುದರಲ್ಲಿ ಏನಿದೆ ಎಂದು ಕೇಳಿದರೆ ತಿರುಗಿ ನೋಡದೆ ಹೇಳಿದಳು. ಹೆಚ್ಚಿನದು ಏನೂ ಇರಲಿಲ್ಲ, ಸಾಬೂದಾನಿಯೂ ಇರಲಿಲ್ಲ. ಕೋಣೆ ಅಚ್ಚುಕಟ್ಟಾಗಿರುವುದಕ್ಕೆ ನಾನು ಹೇಳುವ ಕಾರಣ ಬೇರೆ, ಅವಳ ಕಾರಣ ಬೇರೆ.

ಸೀಸೆಯಲ್ಲಿ ನಾಲ್ಕು ಹೋಳುಗಳಿದ್ದವು. ನಿನಗೊಂದು ಇಟ್ಟುಕೋ ಎಂದೆ. “ಪಾಪ ತಿನ್ನಲಿ ಸಾರೂ. ನನಗ ಅಮ್ಮ ಮಳ್ಳಾ ಇಸ್ತದಿ,” ಎಂದಳು. ಮತ್ತೆ ಕೊಡಲು ನಿನ್ನ ಬಳಿ ಏನು ಉಳಿದಿದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಗಿಲವರೆಗೆ ಬಂದು ಕೇಳಿದಳು: “ಗೇಟ್ ಪಾಸ್ ಬರೆದುಕೊಡಲಾ?”

ಸಾಮಾನಿನ ಕೋಣೆಯ ಸ್ಥಿತಿಯನ್ನೂ ವರದಿ ಮಾಡಿಬಿಡುತ್ತೇನೆ. ತೊಳೆದ ಡಬ್ಬಿಗಳು ಈ ಮಳೆಗಾಲದಲ್ಲಿ ಪೂರ್ತಿ ಒಣಗಿರಲಿಲ್ಲ, ಜೋಳದ ಹಿಟ್ಟು ಗಂಟುಗಟ್ಟಿದೆ. ಎತ್ತರದ ಡಬ್ಬಿಯಿಂದ ಹಿಟ್ಟು ತೆಗೆಯಲು ಮೊಳಕೈವರೆಗೆ ಕೈ ಹೋಗಬೇಕು. ಎಲ್ಲ ಡಬ್ಬಿಗಳೂ ಒಂದೇ ಥರ ಇರುವುದರಿಂದ ಮಂಗಳವಾರ ಚಹಾಕ್ಕೆ ಉಪ್ಪು ಹಾಕಿದೆ. ಚೀಟಿ ಇತ್ತು. ಕನ್ನಡಕ ಇರಲಿಲ್ಲ.

ನಾಲ್ಕು ಹೋಳು ಸಾಕಾಗುತ್ತವೆಯೇ?

ಗುರುಸಿದ್ದಪ್ಪ


ಹುಬ್ಬಳ್ಳಿ
8 ಆಗಸ್ಟ್ 2024

ಸಂಯುಕ್ತಾಳ ಅಪ್ಪನವರಿಗೆ ಕಮಲಾಕ್ಷಿಯ ನಮಸ್ಕಾರ.

ಮೊದಲು ಬೇಕಾದ ಸುದ್ದಿ. ಉಂಡಳು.

ಒಂದು ಹೋಳಿನ ಕಾಲುಭಾಗವನ್ನು ಗಂಜಿಯಲ್ಲಿ ಕಿವುಚಿ ಕೊಟ್ಟೆ. ಬಟ್ಟಲು ಮುಗಿಸಿದಳು. ನಾನೂ ಯಶವಂತರೂ ಕಾಲು ಗಂಟೆ ಬಚ್ಚಲಿನ ಬಾಗಿಲನ್ನೇ ನೋಡುತ್ತ ಕೂತೆವು. ಅವಳು ನಮ್ಮನ್ನು ನೋಡಿ, “ಏನ್ ಹಂಗ ಕುಂತೀರಿ, ಅಲ್ಲೇನ ಸಿನಿಮಾ ನಡದೈತೇನು? ಇನ್ನೊಂದೀಟು ಗಂಜಿ ಹಾಕ” ಎಂದಳು. ಯಶವಂತರು ಎದ್ದು ಒಳಗೆ ಹೋಗಿ ಬಹಳ ಹೊತ್ತು ನೀರು ಕುಡಿದರು. ತಿಂಗಳ ಕೊನೆಗೆ ಆಗಬೇಕಿದ್ದ ತಪಾಸಣೆ ನಿನ್ನೆ ಆಯಿತು. ತೂಕ ಮುಕ್ಕಾಲು ಕಿಲೋ ಏರಿದೆ. ಮಾತ್ರೆಯಿಂದ ಎಂದರು ಡಾಕ್ಟರು. ಇರಲಿ, ಅವರಿಗೂ ಒಂದು ಹೆಸರು ಬೇಕಲ್ಲ.

ಈಗ ನಿಮ್ಮ ಹಿಂದಿನ ಕಾಗದಗಳಿಗೆ ಉತ್ತರ.

ಅದು ನಿಮ್ಮ ಅವ್ವನವರು ಹಾಕಿದ್ದೇ ಎಂದು ಕೇಳಿದ್ದಿರಿ. ಹೌದು, ಅಲ್ಲ. ದವಾಖಾನೆಗೆ ಹೋಗುವ ಹಿಂದಿನ ದಿನ ಅತ್ತೆಯವರು ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಭರಣಿ ತೋರಿಸಿದರು. “ಕಮಲಾ, ಇದರ ತಳಾ ಮಾತ್ರ ಬರಿದು ಮಾಡಬ್ಯಾಡ ನೋಡು. ನಾಕ ಹೋಳು ಉಳದಾಗ ಮ್ಯಾಲ ಹೊಸಾವು ಹಾಕು. ಹಳೇವು ಹೊಸಾವಕ್ಕ ಕಲಿಸ್ತಾವು.” ಅವರಿಗೆ ಅವರತ್ತೆ ಹಾಗೆಯೇ ಹೇಳಿದ್ದರಂತೆ. ಪ್ರತಿ ವರ್ಷ ನಾನು ಹೊಸ ನಿಂಬೆಕಾಯಿ ಹಾಕಿದ್ದೇನೆ. ನೀವು ಕಸದ ಗಾಡಿಗೆ ಸುರಿದದ್ದು ಯಾವ ವರ್ಷದ್ದು ಎಂದು ಕೇಳಿದರೆ ನಾನು ಏನು ಹೇಳಲಿ? ಹೋದ ವರ್ಷದ್ದೂ ಇತ್ತು, ನಿಮ್ಮ ಅಜ್ಜಿಯದೂ ಇತ್ತು. ನಿಮ್ಮ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಅತ್ತೆಯವರ ಕೈ ಹಚ್ಚಿದ್ದು ಆ ಮನೆಯಲ್ಲಿ ಅದೊಂದೇ ಉಳಿದಿತ್ತು. ನಿಮಗೆ ಹೇಳಿರಲಿಲ್ಲ. ಹೇಳುವ ವಿಷಯ ಎಂದೂ ಅನಿಸಿರಲಿಲ್ಲ. ನಾನಿಲ್ಲದಾಗ ಯಾರಾದರೂ ಅದನ್ನು ತೊಳೆಯುತ್ತಾರೆಂದು ಕನಸು ಕಂಡಿದ್ದೆನೇ?

ಡಬ್ಬಿಯ ತಳದ ಹಿಡಿಯೂ ಅದೇ ಪಾಠ. ಮನೆಯಲ್ಲಿ ಏನೂ ಪೂರಾ ತೀರಿತು ಅನ್ನಿಸಬಾರದು. ಆದರೆ ಅಕ್ಕಿಯ ವಿಷಯದಲ್ಲಿ ನಿಮ್ಮದೂ ಖರೆ. ಹಳೆಯ ಅಕ್ಕಿಯ ನುಸಿ ಹೊಸದಕ್ಕೆ ಇಳಿಯುತ್ತದೆ, ನುಸಿಗೆ ಸಂಪ್ರದಾಯ ತಿಳಿಯುವುದಿಲ್ಲ. ಹೀಗೆ ಮಾಡಿ: ತಳದ ಹಿಡಿಯನ್ನು ತಾಟಿನಲ್ಲಿ ತೆಗೆದಿಡಿ, ಡಬ್ಬಿ ತೊಳೆದು ಎರಡು ದಿನ ಚೆನ್ನಾಗಿ ಒಣಗಿಸಿ, ಹೊಸದನ್ನು ತುಂಬಿ, ಆ ಹಿಡಿಯನ್ನು ಆರಿಸಿ ಮೇಲೆ ಹಾಕಿ. ಮೊದಲು ಬಂದದ್ದು ಮೊದಲು ಹೋಗುತ್ತದೆ, ಡಬ್ಬಿಯೂ ಬರಿದಾದ ಮಾತು ಬರುವುದಿಲ್ಲ. ಸರ್ಕಾರಕ್ಕೂ ಅತ್ತೆಯವರಿಗೂ ಸಮಾಧಾನ.

ಏಳು ಸಾಬೂದಾನಿ ಪೊಟ್ಟಣದ ಸುದ್ದಿ ಓದಿ ನಕ್ಕೆ. ನಕ್ಕದ್ದಕ್ಕೆ ನನಗೇ ಸಿಟ್ಟು ಬಂತು. ಎಣ್ಣೆಯ ಕೆಳಗಿನ ತಟ್ಟೆ ಒಳ್ಳೆಯ ಯೋಚನೆ, ಅದನ್ನು ತೆಗೆಯಬೇಡಿ.

ನಾಲ್ಕು ಹೋಳು ಸಾಕೇ ಎಂದು ಕೇಳಿದ್ದೀರಿ. ಹುಡುಗಿಗೆ ಮೂರು ಸಾಕು. ನಾಲ್ಕನೆಯದನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಇಪ್ಪತ್ತನಾಲ್ಕಕ್ಕೆ ಯಶವಂತರು ಮತ್ತೆ ಬರುತ್ತಾರೆ, ತಂದುಕೊಡುತ್ತಾರೆ. ರೈತು ಬಜಾರಿನಲ್ಲಿ ಅರವತ್ತು ನಿಂಬೆಹಣ್ಣು ಆರಿಸಿ ತನ್ನಿ. ತೆಳು ಸಿಪ್ಪೆ, ಕಲೆ ಇಲ್ಲದ್ದು. ಮುಂದಿನದನ್ನು ಸುಗಲಮ್ಮನಿಗೆ ಕೇಳಿ. ಹನ್ನೊಂದು ವರ್ಷದಿಂದ ನಾವಿಬ್ಬರೂ ಕೂಡಿಯೇ ಹಾಕುತ್ತಿದ್ದೇವೆ. ನೀವು ಆಫೀಸಿಗೆ ಹೋಗಿರುತ್ತಿದ್ದಿರಿ.

ನಿಮ್ಮ,
ಕಮಲಾಕ್ಷಿ


ಮೆಹದಿಪಟ್ಟಣಂ
28 ಸೆಪ್ಟೆಂಬರ್ 2024

ಸೌ. ಕಮಲಾಕ್ಷಿಗೆ,

ಏಳನೇ ತಿಂಗಳಿಗೆ ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳಿದ್ದು, ಸಂಯುಕ್ತಾ ಈಗ ಎರಡು ರೊಟ್ಟಿ ತಿಂದು ಮೂರನೆಯದನ್ನು ನೋಡುತ್ತಾಳೆಂಬುದು, ಎರಡನ್ನೂ ನಿನ್ನ ಹೊಸ ಪತ್ರದಲ್ಲಿ ಓದಿದೆ. ಅಕ್ಟೋಬರ್ ಒಂಬತ್ತಕ್ಕೆ ನೀವಿಬ್ಬರೂ ಬರುವಾಗ ಸ್ಟೇಷನ್ನಿನಲ್ಲಿ ಇರುತ್ತೇನೆ. ಹೆರಿಗೆ ತವರಿನಲ್ಲೇ ಆಗಬೇಕು ಎಂದು ಅವಳೇ ಹಟ ಹಿಡಿದಳಂತೆ. ತವರು ಎಂದರೆ ಅವಳ ಲೆಕ್ಕದಲ್ಲಿ ಯಾವ ಹಲಗೆ ಎಂದು ನನಗೀಗ ಗೊತ್ತು.

ವರದಿ ಕಳಿಸಲು ತಡವಾಯಿತು. ಕೆಲಸ ಮುಗಿಯದೆ ಬರೆಯಬಾರದು ಎಂದುಕೊಂಡಿದ್ದೆ.

ಆಗಸ್ಟ್ ಇಪ್ಪತ್ತನಾಲ್ಕರ ಸಂಜೆ ಯಶವಂತರು ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಮರುದಿನ ರೈತು ಬಜಾರಿಗೆ ಹೋಗಿ ಅರವತ್ತು ನಿಂಬೆಹಣ್ಣನ್ನು ಒಂದೊಂದಾಗಿ ಹಿಚುಕಿ ನೋಡಿ ಆರಿಸಿದೆ. ಅಂಗಡಿಯಾಕೆ ನಲವತ್ತನೆಯದಕ್ಕೆ ತಾಳ್ಮೆ ಕಳೆದುಕೊಂಡಳು. ಮನೆಗೆ ತಂದು ಒರೆಸಿ, ಅರಿವೆಯ ಮೇಲೆ ಹರಡಿ, ಸುಗಲಮ್ಮನನ್ನು ಕರೆದೆ. ಅವಳು ಈಳಿಗೆಯ ಮುಂದೆ ಕೂತಳು. ನಾನು ಉಪ್ಪಿನ ಪ್ರಮಾಣವನ್ನು ತೂಕ ಮಾಡಿ ಬರೆದುಕೊಳ್ಳೋಣವೇ ಎಂದು ಬಾಯಿ ತೆರೆದೆ.

“ಸಾಕ್ಷಿ ಮಾತಾಡಕೂಡದು ಸಾರೂ,” ಎಂದಳು.

ಅಲ್ಲಿಂದ ಮುಂದೆ ಮೂರು ತಾಸು ನಾನು ಬಾಯಿ ತೆರೆಯಲಿಲ್ಲ. ಅವಳು ಹೋಳು ಮಾಡಿದಳು, ಉಪ್ಪನ್ನು ಕೈಯಲ್ಲೇ ಅಳೆದಳು. ಭರಣಿಯನ್ನು ಮೂರು ಸಲ ಒಣ ಅರಿವೆಯಿಂದ ನಾನು ಒರೆಸಿದೆ. ನಾನು ತೊಳೆದದ್ದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಕಪ್ಪು ಹೋಳನ್ನು ತಳಕ್ಕೆ ಇಡುವ ಹೊತ್ತಿಗೆ ಮಾತ್ರ ಅವಳು ಪಕ್ಕಕ್ಕೆ ಸರಿದು, “ಇದು ನೀವೇ ಇಡ್ರಿ” ಎಂದಳು. ಇಟ್ಟೆ. ಅವ್ವನ ಭರಣಿಯೊಳಗೆ ನಾನು ಕೈ ಹಾಕಿದ್ದು ಅದೇ ಮೊದಲು. ಚಿಕ್ಕವನಿದ್ದಾಗ ಕದಿಯಲು ಹಾಕಿ ಪೆಟ್ಟು ತಿಂದದ್ದನ್ನೂ ಈಗ ತೊಳೆಯಲು ಹಾಕಿದ್ದನ್ನೂ ಬಿಟ್ಟರೆ.

ದಿನವೂ ಒಣ ಮರದ ಚಮಚದಿಂದ ತಿರುವಿ ಕಿಟಕಿಯ ಬಿಸಿಲಿಗೆ ಇಡುತ್ತಿದ್ದೇನೆ. ಹಳದಿ ಹೋಗಿ ಕಂದು ಬರುತ್ತಿದೆ. ಕಪ್ಪಾಗಲು ವರ್ಷಗಳು ಬೇಕೆನ್ನುತ್ತಾಳೆ ಸುಗಲಮ್ಮ. ನನಗೇನೂ ಅವಸರವಿಲ್ಲ, ನಿವೃತ್ತನಾಗಿದ್ದೇನೆ. ನಿನ್ನೆ ಮೊದಲ ಸಣ್ಣ ಸೀಸೆಯನ್ನು ಅವಳಿಗೆ ಕೊಟ್ಟೆ. ಇನ್ನೂ ಕಲಿಯುತ್ತಿರುವ ಉಪ್ಪಿನಕಾಯಿ, ಆದರೂ ಬಾಕಿ ಬಾಕಿಯೇ. ಬತುಕಮ್ಮ ಹಬ್ಬಕ್ಕೆ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಾಳಂತೆ.

ಕೋಣೆಯ ವಿಷಯ. ಇಪ್ಪತ್ತೆಂಟು ಡಬ್ಬಿಗಳಲ್ಲಿ ಹನ್ನೊಂದನ್ನು ಇಟ್ಟುಕೊಂಡಿದ್ದೇನೆ, ಬೇಳೆಕಾಳಿಗೆ. ಮಿಕ್ಕದ್ದಕ್ಕೆಲ್ಲ ನಿನ್ನ ಹಳೆಯ ಡಬ್ಬಿಗಳೇ. ತಗ್ಗಿದ್ದು, ಉಬ್ಬಿದ್ದು, ಮುಚ್ಚಳಕ್ಕೆ ದಾರ ಕಟ್ಟಿದ್ದು, ಎಲ್ಲವನ್ನೂ ಅಟ್ಟದಿಂದ ಇಳಿಸಿದೆ. ಈಗ ಕನ್ನಡಕವಿಲ್ಲದೆ ಉಪ್ಪು ಸಿಗುತ್ತದೆ. ಜೋಳದ ಹಿಟ್ಟು ಅಗಲ ಬಾಯಿಯ ಡಬ್ಬಿಗೆ ವಾಪಸಾಗಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಎರಡೂ ಚಟ್ನಿಪುಡಿ ಕೈಗೆಟುಕುವ ಕಡೆ. ಹೊಸದು ಹಿಂದೆ, ಹಳೆಯದು ಮುಂದೆ, ಅದು ಮಾತ್ರ ಬದಲಾಗಿಲ್ಲ. ಬಾಗಿಲ ಹಿಂದೆ ಒಂದು ಹಲಗೆ ತೂಗುಹಾಕಿದ್ದೇನೆ. ಅರ್ಧಕ್ಕೆ ಬಂದದ್ದನ್ನು ಅಲ್ಲಿ ಸೀಮೆಸುಣ್ಣದಿಂದ ಬರೆದರೆ ಸಾಕು, ಅಂಗಡಿಗೆ ಹೋಗುವ ಮುನ್ನ ನಾನು ಓದುತ್ತೇನೆ. ಏಳು ಪೊಟ್ಟಣ ಸಾಬೂದಾನಿ ಒಂದೇ ಡಬ್ಬಿಯಲ್ಲಿ ಸೇರಿದೆ. ಮುಂದಿನ ದೀಪಾವಳಿವರೆಗೆ ನಾವು ಉಪವಾಸ ಮಾಡಿಯೇ ತೀರಬೇಕು.

ಎಲ್ಲ ಡಬ್ಬಿಗಳ ಚೀಟಿಗಳನ್ನು ಕಿತ್ತುಹಾಕಿದ್ದೇನೆ. ಒಂದನ್ನು ಮಾತ್ರ ಹೊಸದಾಗಿ ಬರೆದು ಮೇಲಿನ ಹಲಗೆಯ ಬಲಗಡೆಯ ಮೂಲೆಗೆ ಅಂಟಿಸಿದ್ದೇನೆ. ನೀನು ಬಂದಾಗ ನೋಡುತ್ತೀ, ಆದರೂ ಅದರ ನಕಲು ಇಲ್ಲಿದೆ:

ವಸ್ತು: ನಿಂಬೆಕಾಯಿ ಉಪ್ಪಿನಕಾಯಿ.
ಬಂದ ದಿನಾಂಕ: ತಿಳಿದುಬಂದಿಲ್ಲ.
ಕನಿಷ್ಠ ಶಿಲ್ಕು: ಒಂದು ಹೋಳು. ಯಾವ ಕಾರಣಕ್ಕೂ ಸೊನ್ನೆಯಾಗತಕ್ಕದ್ದಲ್ಲ.
ಉಸ್ತುವಾರಿ: ಕಮಲಾಕ್ಷಿ. ಅವರ ಗೈರುಹಾಜರಿಯಲ್ಲಿ ಸುಗಲಮ್ಮ.
ಇಬ್ಬರೂ ಇಲ್ಲದಾಗ: ಗುರುಸಿದ್ದಪ್ಪ ಮುಚ್ಚಳ ತೆಗೆಯತಕ್ಕದ್ದಲ್ಲ.

ನಿನ್ನ ದಾರಿ ಕಾಯುತ್ತಿರುವ,
ಸಾಕ್ಷಿ